ಪಹಣಿ ಇಲ್ಲದವನಿಗೆ ಶ್ಯೂರಿಟಿ ಯಾರು?

2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್, ಕೊಲೆ ಪ್ರಕರಣವೊಂದರಲ್ಲಿ ಆರೋಪಿಯಾಗಿರುವ ನಮ್ಮ ನಾಡಿನ ಹೆಸರಾಂತ ನಟರೊಬ್ಬರಿಗೆ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ರದ್ದುಪಡಿಸಿತು. ಯಾರೂ ಕಾನೂನಿಗಿಂತ ದೊಡ್ಡವರಲ್ಲ ಎಂದ ನ್ಯಾಯಪೀಠ, ಜೈಲಿನಲ್ಲಿ ಆರೋಪಿಗಳಿಗೆ ಪಂಚತಾರಾ ಸೌಲಭ್ಯ ಸಿಗುತ್ತಿರುವುದು ಕಂಡುಬಂದರೆ ಮೊದಲು ಅಧೀಕ್ಷಕರನ್ನೇ ಅಮಾನತು ಮಾಡಬೇಕಾದೀತು ಎಂದೂ ಎಚ್ಚರಿಸಿತು. ಪ್ರಕರಣದ ವಿಚಾರಣೆ ಮುಗಿಯುವುದು ನ್ಯಾಯಾಲಯದಲ್ಲಿ; ತಪ್ಪಿತಸ್ಥರು ಯಾರು ಎಂಬ ಮಾತನ್ನು ನಾನಿಲ್ಲಿ ಎತ್ತುವುದಿಲ್ಲ. ಆ ದಿನ ನನ್ನ ಗಮನ ಸೆಳೆದದ್ದು ಸುತ್ತಲಿನವರ ಸಮಾಧಾನ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮನೆಯ ಟಿವಿಯ ಎದುರು, ಎಲ್ಲರ ಬಾಯಲ್ಲೂ ಒಂದೇ ಮಾತು: ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬುದು ಕಡೆಗೂ ಸಾಬೀತಾಯಿತು. ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಕುಳಿತ ಆ ನಟರ ಚಿತ್ರವನ್ನು ಹಿಂದಿನ ವರ್ಷ ಕಂಡವರಿಗೆ ಈ ಸಮಾಧಾನ ಬೇಕಾಗಿಯೇ ಇತ್ತು, ಮತ್ತು ಅದು ನ್ಯಾಯವಾದ ಸಮಾಧಾನವೇ.

ಆದರೂ ಅಂದಿನಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ಸಮಾನತೆಯನ್ನು ನಾವು ಅಳೆಯುವುದು ಯಾವಾಗಲೂ ದೊಡ್ಡವರು ಒಳಗೆ ಹೋದಾಗ. ಅಧಿಕಾರದಲ್ಲಿದ್ದವರೊಬ್ಬರು ಕಟಕಟೆ ಹತ್ತಿದರೆ, ಹಣವಂತರೊಬ್ಬರಿಗೆ ಜಾಮೀನು ಸಿಗದೆ ಹೋದರೆ ಸಂವಿಧಾನದ 14ನೇ ವಿಧಿ ಜೀವಂತವಾಗಿದೆ ಎಂದುಕೊಳ್ಳುತ್ತೇವೆ. ಒಳಗಿರುವ ಸಣ್ಣವನನ್ನು, ಕಾನೂನು ಬಿಡು ಎಂದ ಮೇಲೂ ಬಿಡದಿದ್ದಾಗ, ಅದೇ ವಿಧಿಯನ್ನು ನೆನಪಿಸಿಕೊಳ್ಳುವವರು ಕಡಿಮೆ. ಅದು ಸುದ್ದಿಯಾಗುವುದಿಲ್ಲ. ಅದನ್ನು ತಪ್ಪು ಎಂದು ಕರೆಯಲು ಯಾರ ಆದೇಶವೂ ಸಿಗುವುದಿಲ್ಲ, ಏಕೆಂದರೆ ನ್ಯಾಯಾಧೀಶರು ಜಾಮೀನು ಕೊಟ್ಟಿರುತ್ತಾರೆ. ವಕೀಲರು ವಾದ ಗೆದ್ದಿರುತ್ತಾರೆ. ಕಡತದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಮನುಷ್ಯ ಮಾತ್ರ ಒಳಗೇ ಇರುತ್ತಾನೆ.

ಠಾಣೆಯ ಕುರ್ಚಿ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಟೈಲ್ಸ್ ಹಾಕಿದ ಹುಡುಗನೊಬ್ಬನನ್ನು ಮೊಬೈಲ್ ಕಳ್ಳತನದ ಆರೋಪದ ಮೇಲೆ ಬಂಧಿಸಿದರು. ರಾಯಚೂರು ಕಡೆಯವನು. ಇಪ್ಪತ್ತರ ಆಸುಪಾಸಿನ ವಯಸ್ಸು. ಮೊಣಕಾಲೂರಿ ಕುಳಿತು ಟೈಲ್ಸ್ ಕೂರಿಸುವಾಗ ಕೈ ಎಷ್ಟು ನಿಖರವಾಗಿತ್ತೆಂದರೆ ದಾರ ಹಿಡಿಯುವ ಅಗತ್ಯವೇ ಬೀಳುತ್ತಿರಲಿಲ್ಲ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಣ್ಣನೊಂದಿಗೆ ಇರುತ್ತಿದ್ದ. ಅಣ್ಣ ಬೆಳಿಗ್ಗೆಯೇ ನಮ್ಮ ಬಾಗಿಲಿಗೆ ಬಂದು ನಿಂತ. ಅವನ ಜೊತೆ ಠಾಣೆಗೆ ಹೋದೆ.

ಒಳಗೆ ಕಾಲಿಟ್ಟ ಕೂಡಲೇ ಪೇದೆಯೊಬ್ಬರು ನನ್ನನ್ನು ನೋಡಿ ‘ಬನ್ನಿ ಸರ್, ಕೂತ್ಕೊಳ್ಳಿ’ ಎಂದು ಕುರ್ಚಿ ಎಳೆದುಕೊಟ್ಟರು. ನನ್ನ ಪಕ್ಕದಲ್ಲೇ ಇದ್ದ ಅಣ್ಣನಿಗೆ ಯಾರೂ ಏನೂ ಹೇಳಲಿಲ್ಲ. ಅವನೂ ಅದನ್ನು ನಿರೀಕ್ಷಿಸಿರಲಿಲ್ಲ. ಗೋಡೆಗೆ ಬೆನ್ನು ತಾಗದಂತೆ, ಕೈಯನ್ನು ಮುಂದೆ ಕಟ್ಟಿಕೊಂಡು ನಿಂತ. ನಾನು ಯಾರು, ಏನು ಕೆಲಸ ಮಾಡುತ್ತೇನೆ ಎಂದು ಆಗಿನ್ನೂ ಯಾರೂ ಕೇಳಿರಲಿಲ್ಲ. ಅಂಗಿಯ ಇಸ್ತ್ರಿ, ಕನ್ನಡಕ, ಮಾತಿನ ಧಾಟಿ ಇಷ್ಟರಲ್ಲೇ ನನ್ನ ಜಾಗ ನಿರ್ಧಾರವಾಗಿತ್ತು. ಆ ಪೇದೆ ಒರಟರೇನೂ ಆಗಿರಲಿಲ್ಲ. ಅಣ್ಣನೊಂದಿಗೂ ಗದರದೆ, ‘ನಿಮ್ ತಮ್ಮನ್ನ ನಾಳೆ ಕೋರ್ಟಿಗೆ ಹಾಜರುಪಡಿಸ್ತೀವಿ, ಲಾಯರ್ ನೋಡ್ಕೋ’ ಎಂದು ವಿವರಿಸಿದರು. ಆದರೆ ಇಡೀ ಮಾತುಕತೆ ನಡೆದದ್ದು ನನ್ನ ಕಡೆ ಮುಖ ಮಾಡಿ. ತಮ್ಮನ ವಿಷಯದಲ್ಲಿ ಅಣ್ಣನಿಗಿಂತ ನನಗೆ ಹೆಚ್ಚು ಹಕ್ಕಿದೆಯೆಂಬಂತೆ.

ಬಂಧನ ಬೇಕಿತ್ತೇ ಎಂಬುದನ್ನೂ ನಾನು ಕೇಳಿದೆ. ಕಳ್ಳತನಕ್ಕೆ ಗರಿಷ್ಠ ಶಿಕ್ಷೆ ಮೂರು ವರ್ಷ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಕೂಡದು, ಬಂಧಿಸುವುದಾದರೆ ಕಾರಣ ಬರೆದಿಡಬೇಕು, ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು ಎಂದು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನನಗೆ ಸಿಕ್ಕ ಉತ್ತರ ಸರಳವಾಗಿತ್ತು: ‘ಅಡ್ರೆಸ್ ಇಲ್ಲ ಸರ್ ಇವರಿಗೆ. ಬಿಟ್ಟರೆ ಊರಿಗೆ ಹೋಗಿಬಿಡ್ತಾರೆ.’ ಕಾನೂನಿನಲ್ಲಿಯೂ ಈ ಉತ್ತರಕ್ಕೆ ಜಾಗವಿದೆ, ಬಂಧಿಸದಿದ್ದರೆ ನ್ಯಾಯಾಲಯಕ್ಕೆ ಹಾಜರಾಗುವನೆಂಬ ಭರವಸೆ ಇಲ್ಲ ಎನ್ನುವುದು ಬಂಧನಕ್ಕೆ ಒಪ್ಪಿತ ಕಾರಣಗಳಲ್ಲೊಂದು. ಹೀಗೆ ಎಲ್ಲರಿಗೂ ಒಂದೇ ಆಗಿರುವ ನಿಯಮ, ಸ್ವಂತ ಮನೆಯಿದ್ದವನಿಗೆ ನೋಟಿಸಾಗಿಯೂ ಶೆಡ್ಡಿನಲ್ಲಿರುವವನಿಗೆ ಬೇಡಿಯಾಗಿಯೂ ಅನ್ವಯವಾಗುತ್ತದೆ. ಅನ್ವಯಿಸಿದವರು ಯಾರೂ ಕಾನೂನು ಮುರಿದಿರುವುದಿಲ್ಲ.

‘ಒಂದು ಗುಂಟೆನೂ ಇಲ್ರಿ’

ಜಾಮೀನು ಬಹಳ ತಡವಾಗಲಿಲ್ಲ. ಇಪ್ಪತ್ತೈದು ಸಾವಿರ ರೂಪಾಯಿಯ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ಆದೇಶವಾದ ಕೂಡಲೇ ಅಣ್ಣ ಕೋರ್ಟಿನ ಮೆಟ್ಟಿಲ ಮೇಲೆ ನಿಂತೇ ಊರಿಗೆ ಫೋನ್ ಮಾಡಿ ಅವ್ವನಿಗೆ ‘ಬೇಲ್ ಆತು, ನಾಳೆ ಬರ್ತಾನ’ ಎಂದ. ಅಷ್ಟರಲ್ಲಿ ವಕೀಲರ ಗುಮಾಸ್ತರು ಬಂದು ಶ್ಯೂರಿಟಿ ಯಾರು ಎಂದು ಕೇಳಿದರು. ‘ನಾನೇರಿ, ಅಣ್ಣ ಇದೀನಲ್ಲ’ ಎಂದು ಆಧಾರ್ ಕಾರ್ಡನ್ನೂ ರೇಷನ್ ಕಾರ್ಡನ್ನೂ ಕಟ್ಟಡ ಕಾರ್ಮಿಕರ ಕಾರ್ಡನ್ನೂ ಪ್ಲಾಸ್ಟಿಕ್ ಚೀಲದಿಂದ ತೆಗೆದು ಒಂದರ ಮೇಲೊಂದು ಜೋಡಿಸಿ ಹಿಡಿದ. ಗುಮಾಸ್ತರು ಅವುಗಳನ್ನು ಮುಟ್ಟಲಿಲ್ಲ. ‘ಇದೆಲ್ಲ ಆಮೇಲೆ. ಪಹಣಿ ಇದೆಯಾ? ನಿನ್ನದಾಗಲಿ, ನಿಮ್ಮಪ್ಪಂದಾಗಲಿ?’ ಅಣ್ಣ ಸ್ವಲ್ಪ ಹೊತ್ತು ಯೋಚಿಸಿದ; ತನ್ನ ಬಳಗದಲ್ಲಿ ಯಾರ ಹೆಸರಿಗಾದರೂ ಇರಬಹುದೇ ಎಂದು ಒಬ್ಬೊಬ್ಬರನ್ನೇ ನೆನೆಯುತ್ತಿದ್ದನೆಂದು ತೋರುತ್ತದೆ. ಆಮೇಲೆ ಹೇಳಿದ: ‘ನಮ್ಮ ಹೆಸರಿಗೆ ಒಂದು ಗುಂಟೆನೂ ಇಲ್ರಿ.’

ಅವರು ಊರಿನಲ್ಲೂ ಕೂಲಿಯವರೇ. ಈ ಮಾತಿನ ಹಿಂದೆ ಕರ್ನಾಟಕದ ಭೂಮಿಯ ಚರಿತ್ರೆಯೇ ಇದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಉಳುವವನನ್ನು ಹೊಲದ ಒಡೆಯನನ್ನಾಗಿ ಮಾಡಿತು. ಏಳನೇ ನಮೂನೆ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತು ಗೇಣಿದಾರರು ಭೂಮಿ ಪಡೆದರು. ಎಷ್ಟೋ ಮನೆಗಳ ದೆಸೆಯೇ ತಿರುಗಿತು. ಆದರೆ ಗೇಣಿಗೂ ಭೂಮಿ ಸಿಗದೆ, ದಿನಗೂಲಿಗೋ ವರ್ಷದ ಜೀತಕ್ಕೋ ದುಡಿದವರಿಗೆ ನಮೂನೆಯಲ್ಲಿ ತುಂಬುವುದಕ್ಕೆ ಏನೂ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಯಾವ ಕೇರಿಗಳವರು ಎಂಬುದನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ನ್ಯಾಯಾಲಯದ ಆವರಣದಲ್ಲಿ ‘ಪಹಣಿ ತಂದಿದ್ದೀರಾ’ ಎಂದು ಕೇಳಿದಾಗ ಕೇಳಿದವರ ಮನಸ್ಸಿನಲ್ಲಿ ಜಾತಿಯ ಯೋಚನೆ ಕಿಂಚಿತ್ತೂ ಇರಲಿಕ್ಕಿಲ್ಲ, ಆದರೆ ಉತ್ತರ ಮಾತ್ರ ಬಹುತೇಕ ಜಾತಿಯ ಗೆರೆಯನ್ನೇ ಹಿಡಿದು ಬರುತ್ತದೆ.

ಕೊನೆಗೆ ನಾನು ಜಾಮೀನು ನಿಂತೆ. ತಂದೆಯಿಂದ ನನ್ನ ಹೆಸರಿಗೆ ಬಂದ ಎರಡು ಎಕರೆಯ ಪಹಣಿ, ಫೋಟೋ, ಆಧಾರ್ ಪ್ರತಿ, ನೋಟರಿ ಮಾಡಿಸಿದ ಅಫಿಡವಿಟ್. ನಮಗಿಂತ ಮೊದಲು ಕರೆದದ್ದು ಅಜಾಗರೂಕ ಚಾಲನೆಯ ಪ್ರಕರಣವೊಂದನ್ನು. ಆ ಆರೋಪಿಯ ಹಿಂದೆ ಚಿಕ್ಕಪ್ಪ, ಭಾವ, ಗೆಳೆಯ ಮೂವರೂ ಕಾಗದಪತ್ರ ಹಿಡಿದು ಸಾಲಾಗಿ ನಿಂತಿದ್ದರು. ಅವರು ಕಾರಿನಲ್ಲಿ ಹೊರಟುಹೋದ ಮೇಲೆ ನನ್ನ ಸರದಿ ಬಂತು. ನ್ಯಾಯಾಧೀಶರು ಕಾಗದಗಳನ್ನು ನಿಧಾನವಾಗಿ ಓದಿ ಕೇಳಿದರು: ಜಮೀನು ಎಲ್ಲಿದೆ? ಬೆಲೆ ಎಷ್ಟಾಗಬಹುದು? ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀರಾ? ಆರೋಪಿ ಬರದಿದ್ದರೆ ಹಣ ನೀವು ಕಟ್ಟಬೇಕಾಗುತ್ತದೆ, ತಿಳಿದಿದೆಯೇ? ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ, ಸೌಜನ್ಯದಿಂದಲೇ ಕೇಳಿದರು. ಆದರೆ ಆ ಎರಡು ಎಕರೆಯನ್ನು ಹುಡುಗ ಕಣ್ಣಿನಿಂದಲೂ ಕಂಡಿರಲಿಲ್ಲ. ಅವನು ತಾರೀಖಿಗೆ ಬರುತ್ತಾನೋ ಇಲ್ಲವೋ ಎಂಬುದಕ್ಕೂ ಆ ಹೊಲಕ್ಕೂ ಏನು ಸಂಬಂಧ? ಅವನನ್ನು ಎತ್ತಿ ಆಡಿಸಿದ, ಅವನೊಂದಿಗೆ ಒಂದೇ ಶೆಡ್ಡಿನಲ್ಲಿ ಮಲಗುವ, ಅವನು ಓಡಿಹೋದರೆ ಮೊದಲು ಪೊಲೀಸರ ಕೈಗೆ ಸಿಗುವ ಅಣ್ಣ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಅವನ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ನನ್ನ ಮಾತಿಗೂ ಇರಲಿಲ್ಲ, ಇದ್ದದ್ದು ಸರ್ವೆ ನಂಬರಿಗೆ.

ಅಣ್ಣ ನನ್ನ ಬಳಿ ಬಾರದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಅಂದೇ ಕಂಡೆ. ಕೋರ್ಟಿನ ಹೊರಗೆ ಚಹಾದಂಗಡಿಯ ಬಳಿ ಒಬ್ಬರು ತಾವಾಗಿಯೇ ಬಂದು ಅವನನ್ನು ಮಾತನಾಡಿಸಿದ್ದರು. ಪಹಣಿ ಅವರೇ ತರುತ್ತಾರೆ, ಮನುಷ್ಯನನ್ನೂ ಅವರೇ ನಿಲ್ಲಿಸುತ್ತಾರೆ, ಇಷ್ಟು ಕೊಟ್ಟರೆ ಸಾಕು. ಅವರು ಹೇಳಿದ ಮೊತ್ತ ಟೈಲ್ಸ್ ಕೆಲಸದವನ ತಿಂಗಳ ಸಂಪಾದನೆಯ ಬಹುಭಾಗ. ಈ ಬಾಡಿಗೆ ಜಾಮೀನುದಾರರ ದಂಧೆ ನ್ಯಾಯಾಲಯಗಳಿಗೆ ಗೊತ್ತಿಲ್ಲದ್ದಲ್ಲ. ಒಬ್ಬನೇ ವ್ಯಕ್ತಿ ಹತ್ತಾರು ಆರೋಪಿಗಳಿಗೆ ನಿಲ್ಲುವುದನ್ನು ತಡೆಯಲೆಂದೇ, ತಾನು ಈಗಾಗಲೇ ಎಷ್ಟು ಮಂದಿಗೆ ಜಾಮೀನು ನಿಂತಿದ್ದೇನೆಂದು ಘೋಷಿಸಬೇಕೆಂಬ 441-ಎ ಕಲಮನ್ನು ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಲಾಯಿತು. ಆಸ್ತಿಯ ದಾಖಲೆಯೇ ಬೇಕೆಂದು ಪಟ್ಟು ಹಿಡಿದಷ್ಟೂ ಸುಳ್ಳು ದಾಖಲೆಯ ಮಾರುಕಟ್ಟೆ ಬೆಳೆಯುತ್ತದೆ. ನಕಲಿ ಪಹಣಿ ಹೆಚ್ಚಿದಷ್ಟೂ ನ್ಯಾಯಾಲಯ ಇನ್ನೂ ಬಿಗಿಯಾಗುತ್ತದೆ. ಬಿಗಿಯಾದಷ್ಟೂ ನಿಜವಾದ ಅಣ್ಣತಮ್ಮಂದಿರು ಬಾಗಿಲ ಹೊರಗೆ ಉಳಿಯುತ್ತಾರೆ.

1978ರಲ್ಲೇ ಹೇಳಿಯಾಗಿದೆ

ಇದೆಲ್ಲವೂ ಕಾನೂನಿನ ಕೊರತೆಯಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ, ತಿದ್ದುಪಡಿಗೆ ಒತ್ತಾಯಿಸಬಹುದಿತ್ತು. ದಂಡ ಪ್ರಕ್ರಿಯಾ ಸಂಹಿತೆಯ ಜಾಮೀನಿನ ಅಧ್ಯಾಯವನ್ನು ಎಷ್ಟು ಸಲ ಓದಿದರೂ ಜಾಮೀನುದಾರ ಭೂಮಾಲೀಕನಾಗಿರಬೇಕು ಎಂಬ ಮಾತು ಸಿಗುವುದಿಲ್ಲ. ಮುಚ್ಚಳಿಕೆಯ ಮೊತ್ತ ಅತಿಯಾಗಿರಬಾರದು ಎಂದಿದೆ. ಜಾಮೀನುದಾರ ಯೋಗ್ಯನೇ ಎಂಬುದನ್ನು ಅಫಿಡವಿಟ್ ಮೂಲಕ ತಿಳಿಯಬಹುದು ಎಂದಿದೆ. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯೂ ಇದೇ ಮಾತುಗಳನ್ನು ಹೊಸ ಅಂಕಿಗಳಡಿ ಮುಂದುವರಿಸಿದೆ. ಪಹಣಿ ಬಂದದ್ದು ರೂಢಿಯಿಂದ.

ಆ ರೂಢಿಯನ್ನು ಸುಪ್ರೀಂ ಕೋರ್ಟ್ 1978ರಲ್ಲೇ ನೇರವಾಗಿ ಎದುರಿಸಿತ್ತು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸಗಾರನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟು, ಷರತ್ತನ್ನು ನಿಗದಿಮಾಡುವ ಕೆಲಸವನ್ನು ಮ್ಯಾಜಿಸ್ಟ್ರೇಟರಿಗೆ ಬಿಟ್ಟಿತ್ತು. ಅವರು ಹತ್ತು ಸಾವಿರ ರೂಪಾಯಿಯ ಜಾಮೀನುದಾರನನ್ನು ಕೇಳಿದರು. ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಎಂದು ತಿರಸ್ಕರಿಸಿದರು. ಮೋತಿರಾಮ್ ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ದೇಶದ ಅತ್ಯುನ್ನತ ನ್ಯಾಯಾಲಯ ಬಿಡು ಎಂದರೂ ಬಿಡುಗಡೆಯಾಗದ ಗಾರೆ ಕೆಲಸಗಾರ. ತೀರ್ಪು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಬಸ್ತರ್, ಪೋರ್ಟ್ ಬ್ಲೇರ್, ಪಹಲ್ಗಾಮ್ ಅಥವಾ ಚಾಂದನಿ ಚೌಕದಲ್ಲಿ ಬಂಧನಕ್ಕೊಳಗಾದ ಒಬ್ಬ ಮಲಯಾಳಿ, ಒಬ್ಬ ಕನ್ನಡಿಗ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂದು ಕೇಳಿದರು. ಹೀಗೆ ಊರು ನೋಡಿ ಜಾಮೀನುದಾರನನ್ನು ತಳ್ಳುವುದು 14ನೇ ವಿಧಿಯ ಸಮಾನತೆಯನ್ನು ಅಣಕಿಸಿದಂತೆ ಎಂದರು. ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡುವಂತೆ ಆದೇಶಿಸಿದರು.

ಅಂದು ಉದಾಹರಣೆಯಾಗಿ ಬಂದ ಆ ಕನ್ನಡಿಗನ ಜಾಗದಲ್ಲಿ ಇಂದು ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಒಡಿಶಾದವರು, ಜಾರ್ಖಂಡಿನವರು, ಬಿಹಾರದವರು ನಿಂತಿದ್ದಾರೆ. ನಮ್ಮದೇ ಯಾದಗಿರಿ, ರಾಯಚೂರು, ಕಲಬುರಗಿಯವರೂ ಅಲ್ಲೇ ಇದ್ದಾರೆ. ತವರು ರಾಜ್ಯದೊಳಗೇ ಇದ್ದೂ ಜಿಲ್ಲೆ ದಾಟಿದ ಮಾತ್ರಕ್ಕೆ ಗುರುತಿಲ್ಲದವರಾಗುವುದು ನನಗೆ ಹೆಚ್ಚು ನೋವಿನ ವಿಷಯ.

ಮರುವರ್ಷ, 1979ರಲ್ಲಿ, ಹುಸ್ನಾರಾ ಖಾತೂನ್ ಪ್ರಕರಣ ಬಂತು. ಬಿಹಾರದ ಜೈಲುಗಳಲ್ಲಿ ತಮ್ಮ ಮೇಲಿನ ಆರೋಪಕ್ಕೆ ಸಿಗಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆಗ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ಆರೋಪಿ ಓಡಿಹೋಗುವನೇ ಇಲ್ಲವೇ ಎಂದು ತಿಳಿಯಲು ಏನೇನು ನೋಡಬೇಕೆಂದು ಬರೆದಿಟ್ಟರು: ಆ ಜಾಗದಲ್ಲಿ ಎಷ್ಟು ಕಾಲದಿಂದ ಇದ್ದಾನೆ, ಏನು ಕೆಲಸ ಮಾಡುತ್ತಾನೆ, ಕುಟುಂಬದ ನಂಟು ಹೇಗಿದೆ, ಹಿಂದೆ ಬಿಡುಗಡೆಯಾದಾಗ ಹಾಜರಾಗಿದ್ದನೇ, ಅವನ ಬಗ್ಗೆ ಭರವಸೆಯ ಮಾತಾಡುವ ಜವಾಬ್ದಾರಿಯುತ ಜನ ಯಾರಿದ್ದಾರೆ. ಇವೆಲ್ಲ ಬೇರುಗಳ ಕುರಿತ ಪ್ರಶ್ನೆಗಳು. ನಾನು ನಿಂತಿದ್ದ ಕೋರ್ಟಿನಲ್ಲಿ ಇವುಗಳಲ್ಲಿ ಒಂದನ್ನು ಕೇಳಿದ್ದರೂ ಅಣ್ಣ ಉತ್ತರ ಕೊಡಬಲ್ಲವನಾಗಿದ್ದ.

ಮ್ಯಾಜಿಸ್ಟ್ರೇಟರ ಕಷ್ಟವನ್ನೂ ಹೇಳಬೇಕು. ಬಿಟ್ಟ ಆರೋಪಿ ತಾರೀಖಿಗೆ ಬಾರದಿದ್ದರೆ ವಾರಂಟ್ ಮೇಲೆ ವಾರಂಟ್ ಹೊರಡುತ್ತದೆ, ಪ್ರಕರಣ ವರ್ಷಗಟ್ಟಲೆ ನಿಲ್ಲುತ್ತದೆ, ಬಾಕಿ ಪ್ರಕರಣಗಳ ಲೆಕ್ಕ ಕೇಳುವವರು ಅವರನ್ನೇ ಕೇಳುತ್ತಾರೆ. ದಿನಕ್ಕೆ ಅಷ್ಟೊಂದು ಕಡತಗಳ ನಡುವೆ ಒಬ್ಬ ಕೂಲಿಯ ಬೇರುಗಳನ್ನು ವಿಚಾರಿಸುವುದಕ್ಕಿಂತ ಒಂದು ಪಹಣಿಯನ್ನು ಕಡತಕ್ಕೆ ಸೇರಿಸುವುದು ಸುಲಭ, ನಾಳೆ ಯಾರಾದರೂ ಪ್ರಶ್ನಿಸಿದರೆ ತೋರಿಸಲು ಕಾಗದವಿರುತ್ತದೆ. ಇದು ನಿಜವಾದ ಒತ್ತಡ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಸೌಕರ್ಯದ ಬೆಲೆಯನ್ನು ತೆರುತ್ತಿರುವವನು ಇನ್ನೂ ಅಪರಾಧಿಯೆಂದು ಯಾರೂ ಹೇಳದಿರುವ ಮನುಷ್ಯ. ಒಳಗೆ ಕಳೆದ ಪ್ರತಿ ವಾರ ಅವನ ಕೂಲಿ ಹೋಗುತ್ತದೆ, ಶೆಡ್ಡಿನ ಜಾಗ ಹೋಗುತ್ತದೆ, ಸಾಕ್ಷಿ ಹೇಳಬಲ್ಲ ಜೊತೆಗಾರರು ಬೇರೆ ಕಟ್ಟಡಕ್ಕೆ ಚದುರುತ್ತಾರೆ. ಸಣ್ಣ ಆರೋಪಗಳಲ್ಲಿ ಕೊನೆಗೆ ಯಾರೋ ಕಿವಿಯಲ್ಲಿ ಹೇಳುತ್ತಾರೆ: ಒಪ್ಪಿಕೊಂಡುಬಿಡು, ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯುತ್ತಾರೆ, ನಾಳೆಯೇ ಮನೆಗೆ ಹೋಗಬಹುದು. ನಿರಪರಾಧಿ ಕೂಡ ಒಪ್ಪಿಕೊಳ್ಳುವ ಗಳಿಗೆ ಅದು. ಮುಂದಿನ ಸಲ ಅದೇ ಬಡಾವಣೆಯಲ್ಲಿ ಮೊಬೈಲ್ ಕಳೆದರೆ ಪೊಲೀಸರು ಮೊದಲು ಬರುವುದು ಅವನ ಶೆಡ್ಡಿಗೆ.

ಹಣ ಕೊಟ್ಟರೆ ತೀರುವ ವಿಷಯವೇ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು, ನಾಲ್ವರಲ್ಲಿ ಮೂವರು. ಅದೇ ವರ್ಷದ ನವೆಂಬರ್ 26ರಂದು, ಸಂವಿಧಾನ ದಿನದ ಸಮಾರಂಭದಲ್ಲಿ, ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಸಣ್ಣ ತಪ್ಪುಗಳಿಗಾಗಿ ವರ್ಷಗಟ್ಟಲೆ ಒಳಗಿರುವ ಬಡವರ ಬಗ್ಗೆ ನ್ಯಾಯಮೂರ್ತಿಗಳ ಎದುರೇ ಮನಕಲಕುವಂತೆ ಮಾತಾಡಿದರು. ಆ ಬಳಿಕ ಸುಪ್ರೀಂ ಕೋರ್ಟಿಗೆ ಸಲ್ಲಿಕೆಯಾದ ಮಾಹಿತಿಯಲ್ಲಿ, ಜಾಮೀನು ಸಿಕ್ಕಿಯೂ ಹೊರಬಾರದ ಸುಮಾರು 5,000 ಮಂದಿ ಲೆಕ್ಕಕ್ಕೆ ಸಿಕ್ಕರು. ಅವರಲ್ಲಿ ಆಗ ಬಿಡುಗಡೆಯಾಗಿದ್ದವರು 1,417.

2023ರ ಜನವರಿ 31ರಂದು ಸುಪ್ರೀಂ ಕೋರ್ಟಿನಿಂದ ಬಂದ ನಿರ್ದೇಶನಗಳು ಇದಕ್ಕೆ ನೇರ ಪರಿಹಾರ. ಆದೇಶದ ಪ್ರತಿಯನ್ನು ಅಂದೇ ಅಥವಾ ಮರುದಿನವೇ ಇಮೇಲ್ ಮೂಲಕ ಜೈಲಿಗೆ ಕಳುಹಿಸಬೇಕು. ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸುವ ಬಗ್ಗೆ ಯೋಚಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಷರತ್ತು ಬಿಡುಗಡೆಯನ್ನು ತಡಮಾಡುತ್ತಿರುವುದರಿಂದ ಅದನ್ನು ಹೇರದಿರುವುದು ಲೇಸು ಎಂಬ ಸಲಹೆಯೂ ಅಲ್ಲಿದೆ. ಮೋತಿರಾಮ್ ತೀರ್ಪಿನ ನಲವತ್ತೈದು ವರ್ಷಗಳ ಬಳಿಕ ಅದೇ ಮಾತನ್ನು ಸಲಹೆಯ ರೂಪದಲ್ಲಿ ಮತ್ತೆ ಹೇಳಬೇಕಾಗಿ ಬಂದಿತು.

ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗಾಗಿ ಯೋಜನೆಯೊಂದನ್ನು ತಂದಿತು. ವಿಚಾರಣಾಧೀನರ ಜಾಮೀನಿಗಾಗಿ 40,000 ರೂಪಾಯಿವರೆಗೆ, ಶಿಕ್ಷೆಗೊಳಗಾದವರ ದಂಡ ತೆರಲು 25,000 ರೂಪಾಯಿವರೆಗೆ ನೆರವು ಎಂದು ಆಗ ನಿಗದಿಯಾಗಿತ್ತು. ಒಳ್ಳೆಯ ಉದ್ದೇಶವೇ. ಆದರೆ ನಾನು ಕಂಡ ಅಡ್ಡಿ ಹಣದ್ದಾಗಿರಲಿಲ್ಲ. ಇಪ್ಪತ್ತೈದು ಸಾವಿರವನ್ನು ಯಾರೂ ಕಟ್ಟಬೇಕಾಗಿರಲಿಲ್ಲ. ಕಟ್ಟಬಲ್ಲ ಆಸ್ತಿಯಿರುವ ಮನುಷ್ಯನೊಬ್ಬ ಬೇಕಾಗಿದ್ದ. ಬಡತನವೆಂದರೆ ಜೇಬಿನಲ್ಲಿ ಹಣವಿಲ್ಲದಿರುವುದಷ್ಟೇ ಎಂದು ಯೋಜನೆ ಭಾವಿಸುತ್ತದೆ, ನ್ಯಾಯಾಲಯದ ಆವರಣದಲ್ಲಿ ಬಡತನವೆಂದರೆ ಆಸ್ತಿಯುಳ್ಳ ಒಬ್ಬನ ಪರಿಚಯವೂ ಇಲ್ಲದಿರುವುದು. ಮುಚ್ಚಳಿಕೆಯ ಬದಲು ನಗದು ಠೇವಣಿ ಸ್ವೀಕರಿಸಲು ಸಂಹಿತೆಯಲ್ಲಿ ಅವಕಾಶವಿದೆ. ನ್ಯಾಯಾಲಯಗಳು ಅದನ್ನು ಉದಾರವಾಗಿ ಬಳಸಿದಾಗ ಮಾತ್ರ ಈ ಯೋಜನೆಯ ಹಣ ಬಾಗಿಲು ತೆರೆದೀತು.

ಇನ್ನೊಂದನ್ನು ಇಲ್ಲಿ ನೆನೆಯದೆ ಇರಲಾರೆ. ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಗುಡಿಸುವ ಕೆಲಸ ಇಂತಿಂಥ ಜಾತಿಯವರಿಗೆ, ಅಡುಗೆ ಇಂತಿಂಥವರಿಗೆ ಎಂದು ಬರೆದೇ ಇತ್ತು. ಅದನ್ನು ಸುಪ್ರೀಂ ಕೋರ್ಟ್ ರದ್ದುಮಾಡಿ, ಕೈದಿಗಳ ದಾಖಲೆ ಪುಸ್ತಕದಿಂದ ಜಾತಿಯ ಅಂಕಣವನ್ನೇ ತೆಗೆಯುವಂತೆ ಹೇಳಿದ್ದು 2024ರ ಅಕ್ಟೋಬರ್ 3ರಂದು. ಬರೆದಿದ್ದ ಕಾರಣಕ್ಕೆ ಅದನ್ನು ಹಿಡಿದು ಪ್ರಶ್ನಿಸಲು ಸಾಧ್ಯವಾಯಿತು. ಪಹಣಿಯ ನಿಯಮವನ್ನು ಎಲ್ಲಿಯೂ ಬರೆದಿಲ್ಲ. ಅದನ್ನು ರದ್ದುಮಾಡಿ ಎಂದು ಯಾರನ್ನು ಕೇಳುವುದು?

ನನಗೆ ಕಾಣುವ ದಾರಿ ಒಂದಿದೆ. ಪ್ರತಿ ಜಿಲ್ಲೆಯಲ್ಲೂ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯಿದೆ, ಜಾಮೀನು ಸಿಕ್ಕಿಯೂ ಹೊರಬಾರದವರ ಪ್ರಕರಣಗಳನ್ನು ನೋಡುವುದೂ ಅದರ ಕೆಲಸ. ಆ ಸಮಿತಿ ತಿಂಗಳಿಗೊಮ್ಮೆ ತನ್ನ ಜಿಲ್ಲೆಯ ಒಂದು ಪಟ್ಟಿಯನ್ನು ನ್ಯಾಯಾಲಯದ ಸೂಚನಾ ಫಲಕದ ಮೇಲೆ ಹಾಕಲಿ. ಹೆಸರು ಬೇಡ. ಜಾಮೀನು ಆದೇಶವಾದ ತಾರೀಖು, ಕೇಳಿದ ಮೊತ್ತ, ಹೊರಬಾರದಿರಲು ಕಾರಣ, ಷರತ್ತನ್ನು ಸಡಿಲಿಸುವ ಬಗ್ಗೆ ನ್ಯಾಯಾಲಯ ಯೋಚಿಸಿತೇ ಇಲ್ಲವೇ, ಇಷ್ಟಿದ್ದರೆ ಸಾಕು. ವಕೀಲರ ಸಂಘದವರು ಅದನ್ನು ಓದಲಿ, ತಾಲ್ಲೂಕಿನ ವರದಿಗಾರರು ಓದಲಿ, ಕಾನೂನು ಕಾಲೇಜಿನ ವಿದ್ಯಾರ್ಥಿಗಳು ಬರೆದುಕೊಂಡು ಹೋಗಲಿ. ತಿಂಗಳು ದಾಟಿದ ಪ್ರತಿ ತಾರೀಖಿನ ಎದುರು ಇರುವ ಕಾರಣವನ್ನು ಹಿಡಿದು, ಷರತ್ತು ಬದಲಿಸಿ ಎಂಬ ಅರ್ಜಿಯನ್ನು ಕಾನೂನು ಸೇವಾ ಪ್ರಾಧಿಕಾರದ ವಕೀಲರು ಆ ವಾರದಲ್ಲೇ ಹಾಕಲಿ.